ಕರೆಂಟ್ ಹೋದಾಗ ಸೋಲಾರ್, ಬ್ಯಾಟರಿ, ಜನರೇಟರ್ ಬಳಸಿ ಮನೆ-ತೋಟಕ್ಕೆ ಮತ್ತೆ ವಿದ್ಯುತ್ ಕೊಡುವುದು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಛಾವಣಿ ಮೇಲೆ 5 ಕಿಲೋವ್ಯಾಟ್ ಸೋಲಾರ್, ಮೆಟ್ಟಿಲ ಕೆಳಗೆ ಬ್ಯಾಟರಿ, ಹಿತ್ತಲಲ್ಲಿ ಡೀಸೆಲ್ ಜನರೇಟರ್. ಎಲ್ಲ ಇದ್ದೂ ಏಪ್ರಿಲ್-ಮೇ ಗಾಳಿಮಳೆಗೆ ಲೈನ್ ಹರಿದು ಎರಡು ದಿನ ಕರೆಂಟ್ ಇಲ್ಲವೆಂದರೆ ದಾವಣಗೆರೆ, ಚಿತ್ರದುರ್ಗದ ಕಡೆ ಎಷ್ಟೋ ಮನೆಗಳಲ್ಲಿ ಕತ್ತಲೆಯೇ ಗತಿ. ಇನ್ವರ್ಟರ್ ಆನ್ ಮಾಡಿದ ಕೂಡಲೇ ಓವರ್‌ಲೋಡ್ ಎಂದು ಕೂಗಿ ನಿಲ್ಲುತ್ತದೆ. ರೀಸೆಟ್ ಒತ್ತುತ್ತಾರೆ, ಮತ್ತೆ ನಿಲ್ಲುತ್ತದೆ. ಅಷ್ಟರಲ್ಲಿ ಬ್ಯಾಟರಿ ಇಳಿದಿರುತ್ತದೆ. ಇಂಥ ಕಡೆ ಉಪಕರಣ ಕೆಟ್ಟಿರುವುದು ಅಪರೂಪ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮ ತಪ್ಪಿರುತ್ತದೆ.

ಈ ಮಾರ್ಗದರ್ಶಿಗೆ ಆಧಾರವಾಗಿ ಇಟ್ಟುಕೊಂಡಿರುವ ವ್ಯವಸ್ಥೆ ಹೀಗಿದೆ: 5 ಕಿಲೋವ್ಯಾಟ್ ಹೈಬ್ರಿಡ್ ಇನ್ವರ್ಟರ್ (ಸೋಲಾರ್, ಬ್ಯಾಟರಿ, ಹೊರಗಿನ ಲೈನ್ ಅಂದರೆ ಗ್ರಿಡ್, ಮೂರನ್ನೂ ನಿಭಾಯಿಸುವಂಥದ್ದು), 51.2 ವೋಲ್ಟ್ 100 ಎಎಚ್‌ನ ಎರಡು ಲಿಥಿಯಂ ಬ್ಯಾಟರಿ, 5 ಕಿಲೋವ್ಯಾಟ್ ಪ್ಯಾನೆಲ್, 7.5 ಕೆವಿಎ ಜನರೇಟರ್. ನಿಮ್ಮದು ಚಿಕ್ಕದಿರಲಿ, ದೊಡ್ಡದಿರಲಿ, ಅಂಕಿ ಬದಲಾಗಬಹುದು, ಕ್ರಮ ಬದಲಾಗುವುದಿಲ್ಲ. ವೈರಿಂಗ್ ಬದಲಾವಣೆ ಎಲ್ಲಿ ಬಂದರೂ ಅದು ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಗುತ್ತಿಗೆದಾರರ ಕೆಲಸ. ಸ್ವಿಚ್ ಹಾಕುವುದು, ತೆಗೆಯುವುದು, ಅಳೆಯುವುದು ಮಾತ್ರ ನಿಮ್ಮದು.

## ಮೊದಲು ತಿಳಿಯಬೇಕಾದದ್ದು: ನಿಮ್ಮ ಬಳಿ ಇರುವುದು ಯಾವ ಇನ್ವರ್ಟರ್?

ಬರೀ ಆನ್‌ಗ್ರಿಡ್ ಇನ್ವರ್ಟರ್ ಇದ್ದರೆ ಕರೆಂಟ್ ಹೋದಾಗ ಸೋಲಾರ್ ಕೂಡ ನಿಲ್ಲುತ್ತದೆ, ನೆತ್ತಿ ಸುಡುವ ಬಿಸಿಲಿದ್ದರೂ ಅಷ್ಟೇ. ಶ್ರುತಿಪೆಟ್ಟಿಗೆ ನಿಂತರೆ ಹಾಡು ನಿಲ್ಲಿಸುವ ಹಾಡುಗಾರನಂತೆ ಅದು. ಗ್ರಿಡ್‌ನ ವೋಲ್ಟೇಜ್ ಮತ್ತು 50 ಹರ್ಟ್ಜ್ ಆವರ್ತನ ಸಿಕ್ಕರೆ ಮಾತ್ರ ಅದಕ್ಕೆ ಹೊಂದಿಕೊಂಡು ವಿದ್ಯುತ್ ಕೊಡುತ್ತದೆ. ಗ್ರಿಡ್ ಹೋದರೆ 2 ಸೆಕೆಂಡಿನೊಳಗೆ ತಾನೇ ನಿಲ್ಲಬೇಕೆಂಬುದು ನಿಯಮ. ಕಂಬ ಹತ್ತಿದ ಲೈನ್‌ಮ್ಯಾನ್ ಜೀವ ಉಳಿಯಲೆಂದೇ ಆ ನಿಯಮ ಇರುವುದು. ಚಿತ್ರದುರ್ಗದ ಬಳಿಯ ಜೋಗಿಮಟ್ಟಿ ಗುಡ್ಡದ ಗಾಳಿಯಂತ್ರಗಳು ಕಣ್ಣೆದುರೇ ಇದ್ದರೂ ಲೈನ್ ಸತ್ತಾಗ ಸುತ್ತಲಿನ ಊರುಗಳಿಗೆ ಬೆಳಕು ಕೊಡಲಾರವು. ಅವೂ ಗ್ರಿಡ್ ನೆಚ್ಚಿಕೊಂಡೇ ಓಡುವಂಥವು.

ಗ್ರಿಡ್ ಇಲ್ಲದಾಗಲೂ ವೋಲ್ಟೇಜ್ ಹುಟ್ಟಿಸಬಲ್ಲ ಮೂಲ ಒಂದಾದರೂ ಬೇಕು: ಬ್ಯಾಟರಿ ಇರುವ ಹೈಬ್ರಿಡ್ ಅಥವಾ ಆಫ್‌ಗ್ರಿಡ್ ಇನ್ವರ್ಟರ್, ಇಲ್ಲವೇ ಜನರೇಟರ್. ನಿಮ್ಮ ಹೈಬ್ರಿಡ್ ಇನ್ವರ್ಟರ್‌ನಲ್ಲಿ ‘ಬ್ಯಾಕಪ್’ ಅಥವಾ ‘ಇಪಿಎಸ್’ ಎಂದು ಬರೆದಿರುವ ಔಟ್‌ಪುಟ್‌ಗೆ ನಿಜಕ್ಕೂ ವೈರ್ ಎಳೆದಿದ್ದಾರೆಯೇ ನೋಡಿ. ಹೈಬ್ರಿಡ್‌ಗೆ ದುಡ್ಡು ಕೊಟ್ಟೂ ಆ ಟರ್ಮಿನಲ್ ಖಾಲಿ ಬಿಟ್ಟಿರುವ ಕಡೆಗಳು ಬೇಕಾದಷ್ಟಿವೆ.

## ಕೈಯಲ್ಲಿರಬೇಕಾದ ಸಾಮಾನು

ಕ್ಯಾಟ್-3, 600 ವೋಲ್ಟ್ ದರ್ಜೆಯ ಮಲ್ಟಿಮೀಟರ್ (ಹರ್ಟ್ಜ್ ಅಳೆಯುವಂಥದ್ದು), ಕ್ಲ್ಯಾಂಪ್ ಮೀಟರ್, ಇನ್ಸುಲೇಟೆಡ್ ಸ್ಕ್ರೂಡ್ರೈವರ್, ತಲೆಗೆ ಕಟ್ಟುವ ಟಾರ್ಚ್, ಮೇನ್ ಸ್ವಿಚ್‌ಗೆ ಹಾಕಲು ಚಿಕ್ಕ ಬೀಗ, ನಿಂತುಕೊಳ್ಳಲು ಒಣ ಮರದ ಹಲಗೆ ಅಥವಾ ರಬ್ಬರ್ ಮ್ಯಾಟ್. ತ್ರೀ ಫೇಸ್ ಪಂಪ್ ಇದ್ದರೆ ಫೇಸ್‌ಗಳ ಕ್ರಮ ತೋರಿಸುವ ಫೇಸ್ ಸೀಕ್ವೆನ್ಸ್ ಇಂಡಿಕೇಟರ್ ಕೂಡ ಬೇಕು.

ನಿಯಾನ್ ಟೆಸ್ಟರ್ ಒಂದನ್ನೇ ನಂಬಬೇಡಿ. ನ್ಯೂಟ್ರಲ್ ಬಿಟ್ಟುಹೋದಾಗ ಅದು ಎರಡೂ ತೂತಿನಲ್ಲಿ ಉರಿಯುತ್ತದೆ. ಒಣ ಹಲಗೆ ಮೇಲೆ ನಿಂತರೆ ಕೆಲವೊಮ್ಮೆ ಜೀವಂತ ವೈರಿನಲ್ಲೂ ಉರಿಯುವುದಿಲ್ಲ.

## ಹಂತ 1: ಹೋಗಿರುವುದು ಏನು, ಪತ್ತೆಮಾಡಿ

ಅಕ್ಕಪಕ್ಕದ ಮನೆಯಲ್ಲಿ ಕರೆಂಟ್ ಇದೆಯೇ? ಇದ್ದರೆ ತೊಂದರೆ ನಿಮ್ಮ ಎಂಸಿಬಿ, ಮೀಟರ್ ಅಥವಾ ಕಂಬದಿಂದ ಬರುವ ಸರ್ವಿಸ್ ವೈರಿನದು. ಇಲ್ಲದಿದ್ದರೆ ಟಿಸಿ (ಟ್ರಾನ್ಸ್‌ಫಾರ್ಮರ್) ಅಥವಾ ಫೀಡರ್‌ನದು (ಸಬ್‌ಸ್ಟೇಷನ್‌ನಿಂದ ಬರುವ ಲೈನ್).

ಮೇನ್ ಸ್ವಿಚ್‌ನ ಒಳಬರುವ ಕಡೆ ಪ್ರತಿ ಫೇಸ್ ಮತ್ತು ನ್ಯೂಟ್ರಲ್ ನಡುವೆ ಅಳೆಯಿರಿ. ಮೂರರಲ್ಲೂ ಸೊನ್ನೆ ಬಂದರೆ ಪೂರ್ತಿ ಹೋಗಿದೆ. ಎರಡರಲ್ಲಿ 230, ಒಂದರಲ್ಲಿ 60ರಿಂದ 100 ತೋರಿಸಿದರೆ ಒಂದು ಫೇಸ್ ಹೋಗಿದೆ ಎಂದರ್ಥ. ಆ ಅರೆಬರೆ ವೋಲ್ಟೇಜ್ ಬೇರೆ ಫೇಸ್‌ನ ಮೋಟರ್, ಲೋಡ್‌ಗಳ ಮೂಲಕ ಹಿಂದಿನಿಂದ ಬರುತ್ತಿರುವುದು. ಒಂದು ಫೇಸ್‌ನಲ್ಲಿ 300ರ ಮೇಲೆ, ಇನ್ನೊಂದರಲ್ಲಿ 150 ಬಂದರೆ ನ್ಯೂಟ್ರಲ್ ಹರಿದಿದೆ. ಆಗ ಬೇರೇನೂ ಯೋಚಿಸದೆ ಮೇನ್ ಇಳಿಸಿ. ಟಿವಿ, ಫ್ರಿಜ್, ಸೋಲಾರ್ ಇನ್ವರ್ಟರ್ ಸುಡುವುದಕ್ಕೆ ಅರ್ಧ ನಿಮಿಷ ಸಾಕು.

ವೈರ್ ನೆಲಕ್ಕೆ ಬಿದ್ದಿದ್ದರೆ ಕನಿಷ್ಠ 10 ಮೀಟರ್ ದೂರ ನಿಂತು, ದನಕರುಗಳನ್ನೂ ಆಚೆ ಹೊಡೆದು, 1912ಕ್ಕೆ ಕರೆ ಮಾಡಿ ಕಂಬದ ನಂಬರ್ ಅಥವಾ ಟಿಸಿ ಗುರುತು ಹೇಳಿ. ಎರಡೂ ಜಿಲ್ಲೆ ಬೆಸ್ಕಾಂ ವ್ಯಾಪ್ತಿಯಲ್ಲೇ ಬರುತ್ತವೆ.

## ಹಂತ 2: ಗ್ರಿಡ್‌ನಿಂದ ಪೂರ್ತಿ ಬೇರೆಯಾಗಿ

ಈ ಹಂತದಲ್ಲಿ ಅವಸರ ಬೇಡ. ಮೇನ್ ಸ್ವಿಚ್ ಇಳಿಸಿ, ಬೀಗ ಹಾಕಿ, ‘ಜನರೇಟರ್ ಓಡುತ್ತಿದೆ, ಮುಟ್ಟಬೇಡಿ’ ಎಂದು ಚೀಟಿ ಅಂಟಿಸಿ. ಗ್ರಿಡ್ ಮತ್ತು ಜನರೇಟರ್ ನಡುವೆ ಬದಲಿಸುವ ಚೇಂಜ್‌ಓವರ್ ಸ್ವಿಚ್ ಅನ್ನು ನಡುವಿನ ಆಫ್ ಸ್ಥಾನಕ್ಕೆ ತನ್ನಿ.

ಚೇಂಜ್‌ಓವರ್ ನ್ಯೂಟ್ರಲ್ ಅನ್ನೂ ಕತ್ತರಿಸುವಂಥದ್ದಾಗಿರಬೇಕು: ಸಿಂಗಲ್ ಫೇಸ್‌ಗೆ ಎರಡು ಪೋಲ್, ತ್ರೀ ಫೇಸ್‌ಗೆ ನಾಲ್ಕು ಪೋಲ್. ಫೇಸ್ ಮಾತ್ರ ಬದಲಿಸಿ ನ್ಯೂಟ್ರಲ್ ನೇರ ಬಿಟ್ಟಿದ್ದರೆ ನಿಮ್ಮ ಜನರೇಟರ್‌ನಲ್ಲಿ ಏನಾದರೂ ದೋಷ ಬಂದಾಗ ಹೊರಗಿನ ನ್ಯೂಟ್ರಲ್ ವೈರಿಗೂ ವೋಲ್ಟೇಜ್ ಹೋಗುತ್ತದೆ.

ಎರಡೂ ತುದಿಗೆ ಗಂಡು ಪಿನ್ ಹಾಕಿದ ವೈರಿನಿಂದ ಜನರೇಟರ್ ಕರೆಂಟನ್ನು ಗೋಡೆಯ ಸಾಕೆಟ್‌ಗೆ ತಳ್ಳುವ ಅಭ್ಯಾಸ ಇನ್ನೂ ಇದೆ. ದಯವಿಟ್ಟು ಆ ವೈರ್ ಈಗಲೇ ಕತ್ತರಿಸಿ ಎಸೆಯಿರಿ. ಮೇನ್ ಇಳಿಸಲು ಒಮ್ಮೆ ಮರೆತರೆ ನಿಮ್ಮ 230 ವೋಲ್ಟ್ ಟಿಸಿಗೆ ಹಿಂದಿನಿಂದ ಹೋಗುತ್ತದೆ. 11 ಕೆವಿಯನ್ನು 433 ವೋಲ್ಟ್‌ಗೆ ಇಳಿಸುವ ಅದೇ ಟಿಸಿ ಇದನ್ನು ಉಲ್ಟಾ ಸಾವಿರಾರು ವೋಲ್ಟ್‌ಗೆ ಏರಿಸುತ್ತದೆ. ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನ್ ಆಫ್ ಮಾಡಿ ಕೆಲಸಕ್ಕೆ ಕೊಡುವ ಅನುಮತಿ) ತೆಗೆದುಕೊಂಡು, ಲೈನ್ ಸತ್ತಿದೆ ಎಂದು ನಂಬಿ ಕಂಬ ಹತ್ತಿದವರ ಕೈಗೆ ಅದು ತಗಲುತ್ತದೆ.

ಬೀಗ ಹಾಕಿದ ಮೇಲೆ ಒಳಗಿನ ಬೋರ್ಡ್‌ನಲ್ಲಿ ಫೇಸ್-ನ್ಯೂಟ್ರಲ್, ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್ ಮೂರನ್ನೂ ಅಳೆದು ಸೊನ್ನೆ ಇದೆಯೆಂದು ಖಚಿತಪಡಿಸಿಕೊಳ್ಳಿ. ಅಳೆಯುವ ಮೊದಲು, ಅಳೆದ ಮೇಲೆ ಮೀಟರನ್ನು ಕರೆಂಟ್ ಇರುವ ಯಾವುದಾದರೂ ಕಡೆ, ಉದಾಹರಣೆಗೆ ಬ್ಯಾಟರಿ ಟರ್ಮಿನಲ್‌ನಲ್ಲಿ ಡಿಸಿಗೆ ಇಟ್ಟು, ಪರೀಕ್ಷಿಸಿ. ಪ್ರೋಬ್ ವೈರ್ ಹರಿದಿದ್ದರೂ ಮೀಟರ್ ಸೊನ್ನೆಯನ್ನೇ ತೋರಿಸುತ್ತದೆ.

## ಹಂತ 3: ಎಲ್ಲ ಲೋಡ್ ಇಳಿಸಿ

ಪ್ರತಿ ಎಂಸಿಬಿ ಕೆಳಕ್ಕೆ. ಗೀಸರ್, ಎಸಿ, ಇಂಡಕ್ಷನ್ ಒಲೆ, ಪಂಪ್ ಸ್ಟಾರ್ಟರ್ ಎಲ್ಲವೂ ಆಫ್. ಪಂಪಿಗೆ ಆಟೋ ಸ್ಟಾರ್ಟರ್ ಇದ್ದರೆ ಅದನ್ನು ಮ್ಯಾನುಯಲ್‌ಗೆ ತಿರುಗಿಸಿ. ವಿಫಲವಾಗುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ: ಫ್ರಿಜ್, ಫ್ಯಾನ್, ಪಂಪ್ ಎಲ್ಲ ಆನ್ ಇರುವಂತೆಯೇ ಇನ್ವರ್ಟರ್ ಬಟನ್ ಒತ್ತುತ್ತಾರೆ. ಸೋಲಾರ್‌ನ ಎಸಿ, ಡಿಸಿ ಐಸೊಲೇಟರ್‌ಗಳು (ಸೋಲಾರನ್ನು ಬೇರ್ಪಡಿಸುವ ಸ್ವಿಚ್‌ಗಳು) ಕೂಡ ಈಗ ಆಫ್ ಇರಲಿ.

## ಹಂತ 4: ಬ್ಯಾಟರಿ ನೋಡಿ, ಲೆಕ್ಕ ಹಾಕಿ

ಲೆಡ್ ಆ್ಯಸಿಡ್ ಬ್ಯಾಟರಿಯಾದರೆ ಲೋಡ್ ಇಲ್ಲದೆ ಅರ್ಧ ಗಂಟೆ ಬಿಟ್ಟು ಅಳೆಯಿರಿ. 12.7 ವೋಲ್ಟ್ ಪೂರ್ತಿ, 12.2ರ ಆಸುಪಾಸು ಅರ್ಧ, 11.8 ಎಂದರೆ ಬಹುತೇಕ ಖಾಲಿ. ಅರ್ಧಕ್ಕಿಂತ ಕೆಳಗೆ ಪದೇಪದೇ ಇಳಿಸಿದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ.

ಲಿಥಿಯಂ ಐರನ್ ಫಾಸ್ಫೇಟ್‌ನಲ್ಲಿ ವೋಲ್ಟೇಜ್ ನಂಬಿದರೆ ಮೋಸಹೋಗುತ್ತೀರಿ. 51.2 ವೋಲ್ಟ್ ಪ್ಯಾಕ್ ಶೇ 70 ಇದ್ದಾಗ 53ರ ಹತ್ತಿರ, ಶೇ 30 ಇದ್ದಾಗಲೂ 52ರ ಹತ್ತಿರ ತೋರಿಸುತ್ತದೆ. ಬಿಎಂಎಸ್ (ಬ್ಯಾಟರಿಯೊಳಗಿನ ನಿಯಂತ್ರಣ ಬೋರ್ಡ್) ಕೊಡುವ ಶೇಕಡಾ ಅಂಕಿಯನ್ನೇ ನೋಡಿ. ಪ್ಯಾಕ್ ಪೂರ್ತಿ ಇಳಿದು ಬಿಎಂಎಸ್ ಮಲಗಿಬಿಟ್ಟಿದ್ದರೆ ಟರ್ಮಿನಲ್‌ನಲ್ಲಿ ಸೊನ್ನೆ ಬರುತ್ತದೆ. ಅದು ಸತ್ತಂತಲ್ಲ, ವೇಕ್ ಬಟನ್ ಒತ್ತಿ ಅಥವಾ ಚಾರ್ಜ್ ಕೊಟ್ಟು ಎಬ್ಬಿಸಬೇಕು.

ಲೆಕ್ಕ: ಎರಡು ಪ್ಯಾಕ್ ಸೇರಿ 10.24 ಯೂನಿಟ್. ಶೇ 80 ಬಳಸಿದರೆ 8.2. ಇನ್ವರ್ಟರ್‌ನಲ್ಲಿ ಶೇ 10 ಹೋದರೆ ಕೈಗೆ ಸಿಗುವುದು 7.4 ಯೂನಿಟ್. ಎಂಟು ಎಲ್‌ಇಡಿ ಬಲ್ಬ್ 72 ವ್ಯಾಟ್, ನಾಲ್ಕು ಹಳೇ ಫ್ಯಾನ್ 300 ವ್ಯಾಟ್, ಫ್ರಿಜ್ ಸರಾಸರಿ 60-70, ರೂಟರ್ 12. ಒಟ್ಟು 450 ವ್ಯಾಟ್ ಹತ್ತಿರ, ಅಂದರೆ 16 ಗಂಟೆ. ಫ್ಯಾನ್‌ಗಳು ಕಡಿಮೆ ಕರೆಂಟ್ ಎಳೆಯುವ ಬಿಎಲ್‌ಡಿಸಿ ಆಗಿದ್ದರೆ ಅವುಗಳ ಪಾಲು 120 ವ್ಯಾಟ್‌ಗೆ ಇಳಿದು 27 ಗಂಟೆಯ ತನಕ ಎಳೆಯಬಹುದು. ಅದೇ 2,000 ವ್ಯಾಟ್‌ನ ಇಂಡಕ್ಷನ್ ಒಲೆ ಒಂದೇ ಗಂಟೆ ಓಡಿದರೂ ರಾತ್ರಿಯ ನಾಲ್ಕೂವರೆ ಗಂಟೆ ನುಂಗುತ್ತದೆ.

ಬೆಳಿಗ್ಗೆ ಸೂರ್ಯ ಬಂದಾಗ ಇನ್ವರ್ಟರ್ ಎಬ್ಬಿಸಲು ಶೇ 20 ಕಡ್ಡಾಯವಾಗಿ ಉಳಿಸಿ. ಇದನ್ನು ಮರೆತು ರಾತ್ರಿಯೇ ಖಾಲಿ ಮಾಡಿದರೆ ಎಷ್ಟೋ ಹೈಬ್ರಿಡ್ ಇನ್ವರ್ಟರ್‌ಗಳು ಪ್ಯಾನೆಲ್ ಮೇಲೆ ಬಿಸಿಲಿದ್ದರೂ ಏಳುವುದಿಲ್ಲ.

ಬ್ಯಾಟರಿ ಉಬ್ಬಿದ್ದರೆ, ಕೊಳೆತ ಮೊಟ್ಟೆ ವಾಸನೆ ಬಂದರೆ, ಟರ್ಮಿನಲ್ ಬಣ್ಣಗೆಟ್ಟಿದ್ದರೆ ಅಲ್ಲಿಗೇ ನಿಲ್ಲಿಸಿ. ತಗಡಿನ ಶೆಡ್‌ನಲ್ಲಿಟ್ಟ ಲಿಥಿಯಂ ಪ್ಯಾಕ್ ಚಳ್ಳಕೆರೆ, ಹಿರಿಯೂರಿನ ಬೇಸಿಗೆ ಮಧ್ಯಾಹ್ನ 50 ಡಿಗ್ರಿ ಮುಟ್ಟಿ ಚಾರ್ಜ್ ತಾನೇ ನಿಲ್ಲಿಸಬಹುದು. ಅದು ರಿಪೇರಿಯ ವಿಷಯವಲ್ಲ, ನೆರಳು ಮತ್ತು ಗಾಳಿಯ ವಿಷಯ.

## ಹಂತ 5: ಲೋಡ್ ಇಲ್ಲದೆ ಇನ್ವರ್ಟರ್ ಎಬ್ಬಿಸಿ, ನಾಲ್ಕು ಅಂಕಿ ಅಳೆಯಿರಿ

ಮೊದಲು ಬ್ಯಾಟರಿ ಬ್ರೇಕರ್, ಆಮೇಲೆ ಇನ್ವರ್ಟರ್ ಬಟನ್. ಬ್ರೇಕರ್ ಹಾಕುವಾಗ ‘ಟಪ್’ ಎಂದು ಕಿಡಿ ಹಾರಿದರೆ ಇನ್ವರ್ಟರ್ ಒಳಗಿನ ಕೆಪಾಸಿಟರ್‌ಗಳು ಒಮ್ಮೆಲೇ ತುಂಬಿಕೊಳ್ಳುತ್ತಿವೆ ಎಂದರ್ಥ. ಪದೇಪದೇ ಹಾಕಿ ತೆಗೆದರೆ ಬ್ರೇಕರ್‌ನ ಕಾಂಟ್ಯಾಕ್ಟ್ ಸುಡುತ್ತದೆ, ಕೆಲವೊಮ್ಮೆ ಬಿಎಂಎಸ್ ಅದನ್ನು ಶಾರ್ಟ್ ಎಂದೇ ತಿಳಿದು ಟ್ರಿಪ್ ಆಗುತ್ತದೆ. ಕೆಪಾಸಿಟರ್‌ಗಳನ್ನು ನಿಧಾನವಾಗಿ ತುಂಬಿಸುವ ಪ್ರೀಚಾರ್ಜ್ ಸೌಲಭ್ಯ ಇದ್ದರೆ ಅದನ್ನೇ ಬಳಸಿ.

ಈಗ ಬ್ಯಾಕಪ್ ಔಟ್‌ಪುಟ್‌ನಲ್ಲಿ ಅಳೆಯಿರಿ. ಫೇಸ್-ನ್ಯೂಟ್ರಲ್ 225ರಿಂದ 235. ಆವರ್ತನ 50. ಫೇಸ್-ಅರ್ಥ್ ಕೂಡ 230ರ ಹತ್ತಿರ. ನ್ಯೂಟ್ರಲ್-ಅರ್ಥ್ 2-3 ವೋಲ್ಟ್‌ಗಿಂತ ಕಡಿಮೆ.

ಕೊನೆಯ ಅಂಕಿಯನ್ನು ಅಳೆಯುವವರೇ ಇಲ್ಲ, ಜೀವಕ್ಕೆ ಸಂಬಂಧಪಟ್ಟದ್ದೂ ಅದೇ. ನ್ಯೂಟ್ರಲ್-ಅರ್ಥ್ ನಡುವೆ 110ರ ಸುಮಾರಿಗೆ ಬಂದರೆ ನ್ಯೂಟ್ರಲ್ ತೇಲುತ್ತಿದೆ. ಗ್ರಿಡ್ ಇದ್ದಾಗ ಟಿಸಿ ಬಳಿ ನ್ಯೂಟ್ರಲ್ ಭೂಮಿಗೆ ಕಟ್ಟಿರುತ್ತದೆ. ನೀವು ಬೇರೆಯಾದ ಮೇಲೆ ಆ ಕಟ್ಟು ಇಲ್ಲ. ಆಗ ಮಿಕ್ಸಿ ಮೈಗೆ ಫೇಸ್ ತಗಲಿದರೂ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಬೀಳುವುದಿಲ್ಲ, ಏಕೆಂದರೆ ಕರೆಂಟ್ ಭೂಮಿಯ ಮೂಲಕ ಮರಳಿ ಬರಲು ದಾರಿಯೇ ಇಲ್ಲ. ಒಳ್ಳೆಯ ಹೈಬ್ರಿಡ್‌ಗಳಲ್ಲಿ ಬ್ಯಾಕಪ್‌ಗೆ ಹೋದಾಗ ನ್ಯೂಟ್ರಲ್ ಮತ್ತು ಅರ್ಥ್ ಸೇರಿಸುವ ರಿಲೇ ಇರುತ್ತದೆ, ಸೆಟ್ಟಿಂಗ್‌ನಲ್ಲಿ ಆನ್ ಮಾಡಿಸಬೇಕು. ರಿಲೇ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಒಂದೇ ಒಂದು ಜಾಗದಲ್ಲಿ ಆ ಕಟ್ಟು ಮಾಡಬೇಕು. ಎರಡು ಕಡೆ ಮಾಡಿದರೆ ಆರ್‌ಸಿಸಿಬಿ ಸುಮ್ಮಸುಮ್ಮನೆ ಬೀಳುತ್ತದೆ. ಚಿಕ್ಕ ಪೆಟ್ರೋಲ್ ಜನರೇಟರ್‌ಗಳಲ್ಲೂ ಸಾಮಾನ್ಯವಾಗಿ ಇದೇ ಕೊರತೆ.

ಚಿತ್ರದುರ್ಗದ ಬಂಡೆ ನೆಲದಲ್ಲಿ ಅರ್ಥಿಂಗ್ ಇನ್ನೊಂದು ತಲೆನೋವು. ಮೂರಡಿಗೇ ಕಲ್ಲು ಸಿಕ್ಕಿತೆಂದು ರಾಡ್ ಅರ್ಧಕ್ಕೆ ಕತ್ತರಿಸಿ ಮುಚ್ಚಿರುತ್ತಾರೆ. ಒಂದರ ಬದಲು ಎರಡು-ಮೂರು ಕಡೆ ಗುಂಡಿ ತೋಡಿ, ತೇವ ಹಿಡಿದಿಡುವ ಬೆಂಟೊನೈಟ್ ಜೇಡಿ ತುಂಬಿ, ಎಲ್ಲವನ್ನೂ ತಾಮ್ರದ ಪಟ್ಟಿಯಲ್ಲಿ ಜೋಡಿಸಿ 5 ಓಮ್ ಒಳಗೆ ತನ್ನಿ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಹೊಯ್ಯಿರಿ.

## ಹಂತ 6: ಲೋಡ್ ಒಂದೊಂದಾಗಿ ಏರಿಸಿ

ಇಡೀ ಗ್ರಿಡ್ ಕುಸಿದಾಗಲೂ ಎಂಜಿನಿಯರ್‌ಗಳು ಮಾಡುವುದು ಇದನ್ನೇ: ಹೊರಗಿನ ಕರೆಂಟಿನ ಹಂಗಿಲ್ಲದೆ ಏಳಬಲ್ಲ ಜಲವಿದ್ಯುತ್ ಘಟಕವನ್ನು ಮೊದಲು ಎಬ್ಬಿಸಿ, ಸ್ವಲ್ಪ ಲೋಡ್, ಮತ್ತಷ್ಟು ವಿದ್ಯುತ್, ಮತ್ತಷ್ಟು ಲೋಡ್ ಎಂದು ಏರುತ್ತಾರೆ.

ಮೊದಲು ಒಂದು ಲೈಟ್ ಸರ್ಕ್ಯೂಟ್. ಬಲ್ಬ್ ಮಿಣುಕದೆ ಉರಿದರೆ ಮುಂದಕ್ಕೆ ಹೋಗಿ. ಮೋಟರ್ ಓಡಿಸಲೇಬೇಕಿದ್ದರೆ ಅದರ ಸರದಿ ಈಗ, ಇನ್ವರ್ಟರ್ ಖಾಲಿ ಇರುವಾಗಲೇ. ಬಹಳ ಜನ ಇದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಆದರೆ 1 ಎಚ್‌ಪಿ ಪಂಪ್ ಓಡುವಾಗ 6-7 ಆಂಪಿಯರ್ ಎಳೆದರೂ ಎದ್ದೇಳುವ ಕ್ಷಣದಲ್ಲಿ 35 ಆಂಪಿಯರ್, ಅಂದರೆ 8 ಕೆವಿಎ ಕೇಳುತ್ತದೆ. 5 ಕಿಲೋವ್ಯಾಟ್ ಇನ್ವರ್ಟರ್ ಅದನ್ನು ಕೆಲವೇ ಸೆಕೆಂಡ್ ತಾಳಬಲ್ಲದು, ಅದೂ ಬೇರೆ ಲೋಡ್ ಇಲ್ಲದಿದ್ದರೆ.

ನಂತರ ಫ್ರಿಜ್. ಕರೆಂಟ್ ಹೋದಾಗ ಕಂಪ್ರೆಸರ್ ಓಡುತ್ತಿದ್ದರೆ ಒಳಗಿನ ಒತ್ತಡ ಇಳಿಯಲು 3ರಿಂದ 5 ನಿಮಿಷ ಬೇಕು. ಅದಕ್ಕೂ ಮೊದಲೇ ಹಾಕಿದರೆ ‘ಗುಂಯ್’ ಎಂದು ಗುನುಗಿ ಟ್ರಿಪ್ ಆಗುತ್ತದೆ. ಆಮೇಲೆ ಫ್ಯಾನ್, ರೂಟರ್, ಟಿವಿ, ಒಂದೊಂದರ ನಡುವೆ ಅರ್ಧ ನಿಮಿಷ ಬಿಡಿ. ಪ್ರತಿ ಬಾರಿ ವೋಲ್ಟೇಜ್ ನೋಡಿ. ಕ್ಷಣಕಾಲ ಬಿದ್ದು ಮೇಲೆದ್ದರೆ ಚಿಂತೆಯಿಲ್ಲ. 200ರ ಕೆಳಗೇ ನಿಂತರೆ ಕೊನೆಗೆ ಹಾಕಿದ್ದನ್ನು ತೆಗೆಯಿರಿ.

ಆರೋಗ್ಯ ಕೇಂದ್ರವಾದರೆ ಲಸಿಕೆಯ ಫ್ರಿಜ್ ಮೊದಲು, ಅದರ ಒಳಗೆ 2ರಿಂದ 8 ಡಿಗ್ರಿ ಮೀರಬಾರದು. ಹಾಲಿನ ಡೇರಿಯಾದರೆ ಶೈತ್ಯ ಘಟಕದ ಕಂಪ್ರೆಸರ್, ಆಮೇಲೆ ಕಲಕುವ ಮೋಟರ್ ಮತ್ತು ದೀಪ.

ಓವರ್‌ಲೋಡ್ ಸೂಚನೆ ಬಂದಾಗ ರೀಸೆಟ್ ಒತ್ತುವ ಮೊದಲು ಲೋಡ್ ಇಳಿಸಿ. ಲೋಡ್ ಇಳಿಸದೆ ಮೂರು-ನಾಲ್ಕು ಬಾರಿ ಒತ್ತಿದರೆ ಎಷ್ಟೋ ಇನ್ವರ್ಟರ್‌ಗಳು ಲಾಕ್ ಆಗಿ ಪೂರ್ತಿ ಬಿಚ್ಚಿ ಹಾಕುವವರೆಗೂ ಏಳುವುದಿಲ್ಲ.

## ಹಂತ 7: ಈಗ ಸೋಲಾರ್ ಸೇರಿಸಿ

ಪ್ಯಾನೆಲ್ ನೇರವಾಗಿ ಹೈಬ್ರಿಡ್‌ಗೆ ಬರುತ್ತಿದ್ದರೆ ಡಿಸಿ ಐಸೊಲೇಟರ್ ಹಾಕಿ, ಒಂದೆರಡು ನಿಮಿಷದಲ್ಲಿ ಚಾರ್ಜ್ ಶುರುವಾಗುತ್ತದೆ. ಈ ಭಾಗದಲ್ಲಿ ಒಳ್ಳೆಯ ಬಿಸಿಲಿಗೆ ಒಂದು ಕಿಲೋವ್ಯಾಟ್‌ಗೆ ದಿನಕ್ಕೆ 4 ಯೂನಿಟ್ ಅಥವಾ ತುಸು ಹೆಚ್ಚು ಸಿಗುತ್ತದೆ. ಮೋಡ ಮುಸುಕಿದ ದಿನ ಅರ್ಧಕ್ಕೂ ಕಡಿಮೆ. ಲೆಕ್ಕವನ್ನು ಮೋಡದ ದಿನಕ್ಕೇ ಹಾಕಿ.

ಹಳೇ ಆನ್‌ಗ್ರಿಡ್ ಇನ್ವರ್ಟರ್ ಅನ್ನು ಹೈಬ್ರಿಡ್‌ನ ಬ್ಯಾಕಪ್ ಕಡೆಗೆ ಜೋಡಿಸಿದ್ದರೆ ಅದರ ಡಿಸಿ, ಎಸಿ ಐಸೊಲೇಟರ್ ಹಾಕಿ, ಮೂರು ವಿಷಯ ಗಮನದಲ್ಲಿರಲಿ. ಒಂದು, ಅದರ ಸಾಮರ್ಥ್ಯ ಹೈಬ್ರಿಡ್‌ನದಕ್ಕಿಂತ ಹೆಚ್ಚಿರಬಾರದು. ಎರಡು, ವೋಲ್ಟೇಜ್, ಆವರ್ತನ ಸ್ಥಿರವಾದ ಮೇಲೂ ಅದು ಕನಿಷ್ಠ 60 ಸೆಕೆಂಡ್, ಕೆಲವು 5 ನಿಮಿಷ ಕಾಯುತ್ತವೆ. ಕೆಟ್ಟಿದೆಯೆಂದು ಆಫ್-ಆನ್ ಮಾಡಿದರೆ ಎಣಿಕೆ ಮತ್ತೆ ಮೊದಲಿನಿಂದ ಶುರು. ಮೂರು, ಬ್ಯಾಟರಿ ತುಂಬಿದಾಗ ಹೆಚ್ಚಿನ ವಿದ್ಯುತ್ ಹೋಗಲು ಜಾಗವಿಲ್ಲ. ಆಗ ಹೈಬ್ರಿಡ್ ಬೇಕೆಂದೇ ಆವರ್ತನವನ್ನು 51ರ ಆಚೆಗೆ ಏರಿಸಿ ಸೋಲಾರನ್ನು ತಡೆಯುತ್ತದೆ. ನಮ್ಮಲ್ಲಿ ಆನ್‌ಗ್ರಿಡ್ ಇನ್ವರ್ಟರ್‌ಗಳು 50.5 ಹರ್ಟ್ಜ್ ದಾಟಿದರೆ ಬಿಟ್ಟುಕೊಳ್ಳುವಂತೆ ಇರುವುದರಿಂದ ಮಧ್ಯಾಹ್ನ ಸೋಲಾರ್ ಪದೇಪದೇ ಬಂದು ಹೋಗುವುದು ಸಹಜ. ಪರಿಹಾರ: ಬೆಳಗಿನ ಹೊತ್ತಿಗೆ ಬ್ಯಾಟರಿ ಅರ್ಧಕ್ಕೆ ಇರಲಿ, ಹನ್ನೊಂದರಿಂದ ಎರಡರ ನಡುವೆ ಟ್ಯಾಂಕ್ ತುಂಬಿಸಿ, ಹಿಟ್ಟು ರುಬ್ಬಿ, ಬಟ್ಟೆ ಒಗೆಯುವ ಯಂತ್ರ ಓಡಿಸಿ.

ಎಚ್ಚರ: ಪ್ಯಾನೆಲ್ ಸಾಲಿನಲ್ಲಿ ಹಗಲು ಯಾವಾಗಲೂ 300-500 ವೋಲ್ಟ್ ಡಿಸಿ ಇರುತ್ತದೆ, ಗ್ರಿಡ್ ಇರಲಿ ಬಿಡಲಿ. ಕರೆಂಟ್ ಹರಿಯುವಾಗ ಪ್ಯಾನೆಲ್ ವೈರುಗಳನ್ನು ಜೋಡಿಸುವ ಎಂಸಿ4 ಕನೆಕ್ಟರ್ ಎಳೆದರೆ ಕಿಡಿ ಆರದೆ ಉರಿಯುತ್ತಲೇ ಇರುತ್ತದೆ.

## ಹಂತ 8: ಜನರೇಟರ್ ಯಾವಾಗ, ಹೇಗೆ

ಬ್ಯಾಟರಿ ಶೇ 30ಕ್ಕೆ ಇಳಿದು, ಮುಂದೆ ಬಿಸಿಲಿನ ಭರವಸೆ ಇಲ್ಲದಾಗ. ಹೈಬ್ರಿಡ್‌ನ ಜನರೇಟರ್ ಇನ್‌ಪುಟ್‌ಗೆ ಮಾತ್ರ ಕೊಡಿ. ಇನ್ವರ್ಟರ್ ಔಟ್‌ಪುಟ್‌ಗೆ ಸಮಾನಾಂತರವಾಗಿ ಕೊಟ್ಟರೆ ಎರಡರಲ್ಲೊಂದು ಸುಡುವುದು ಖಂಡಿತ.

ಎರಡು-ಮೂರು ನಿಮಿಷ ಖಾಲಿ ಓಡಿಸಿ, ಆಮೇಲೆ ಲೋಡ್. 7.5 ಕೆವಿಎ ಎಂದರೆ 6 ಕಿಲೋವ್ಯಾಟ್. ಚಾರ್ಜ್ ಕರೆಂಟ್ 50 ಆಂಪಿಯರ್‌ಗೆ ಮಿತಿಗೊಳಿಸಿದರೆ 2.7 ಕಿಲೋವ್ಯಾಟ್, ಮನೆಯ ಲೋಡ್ ಸೇರಿ 3.5. ಇದು ಡೀಸೆಲ್ ಎಂಜಿನ್ನಿಗೆ ಹಿತವಾದ ಅಂಕಿ. ಮೂರು ಗಂಟೆಯಲ್ಲಿ ಬ್ಯಾಟರಿ ಬಹುತೇಕ ತುಂಬುತ್ತದೆ, ಗಂಟೆಗೆ ಒಂದೂವರೆ ಲೀಟರ್ ಆಸುಪಾಸು ಡೀಸೆಲ್. ನಾಲ್ಕು ಬಲ್ಬ್‌ಗಾಗಿ ರಾತ್ರಿಯಿಡೀ ಓಡಿಸಬೇಡಿ: ಶೇ 30ಕ್ಕಿಂತ ಕಡಿಮೆ ಲೋಡ್‌ನಲ್ಲಿ ಡೀಸೆಲ್ ಪೂರ್ತಿ ಉರಿಯದೆ ಸೈಲೆನ್ಸರ್‌ನಲ್ಲಿ ಕಪ್ಪು ಎಣ್ಣೆ ಜಿನುಗುತ್ತದೆ.

ಜನರೇಟರ್ ಓಡುತ್ತಿದ್ದರೂ ಇನ್ವರ್ಟರ್ ಅದನ್ನು ಒಪ್ಪದಿದ್ದರೆ ಆವರ್ತನ ಅಳೆಯಿರಿ. ಖಾಲಿಯಿದ್ದಾಗ 52, ಲೋಡ್ ಬಿದ್ದಾಗ 49ಕ್ಕೆ ಬರುವುದು ಸಾಮಾನ್ಯ. ಇನ್ವರ್ಟರ್‌ನಲ್ಲಿ ಜನರೇಟರ್ ಮೋಡ್ ಆರಿಸಿ ಮಿತಿ ಅಗಲಿಸಬೇಕು. ಜನರೇಟರ್‌ನಿಂದಲೇ ನೇರವಾಗಿ ಮನೆ ನಡೆಸುವಾಗ ಆನ್‌ಗ್ರಿಡ್ ಸೋಲಾರ್ ಆಫ್ ಇರಲಿ, ಇಲ್ಲದಿದ್ದರೆ ಸೋಲಾರ್‌ನ ಹೆಚ್ಚುವರಿ ವಿದ್ಯುತ್ ಜನರೇಟರ್ ಒಳಕ್ಕೇ ನುಗ್ಗುತ್ತದೆ. ಹೊಗೆ ಹೊರಗೆ ಹೋಗಬೇಕು. ಮುಚ್ಚಿದ ಶೆಡ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುತ್ತದೆ.

## ತೋಟದ ತ್ರೀ ಫೇಸ್ ಪಂಪ್

5 ಎಚ್‌ಪಿ ಬೋರ್‌ವೆಲ್ ಪಂಪ್ ಓಡುವಾಗ ಪ್ರತಿ ಫೇಸ್‌ನಲ್ಲಿ ಏಳೂವರೆ ಆಂಪಿಯರ್ ಹತ್ತಿರ. ಪೂರ್ತಿ ವೋಲ್ಟೇಜ್ ನೇರವಾಗಿ ಕೊಡುವ ಡಿಒಎಲ್ ಸ್ಟಾರ್ಟರ್‌ನಲ್ಲಿ ಏಳುವಾಗ ಅದರ ಆರು ಪಟ್ಟು, ಅಂದರೆ 30 ಕೆವಿಎ ದಾಟುತ್ತದೆ. 7.5 ಕೆವಿಎ ಜನರೇಟರ್ ಅದನ್ನು ಎಬ್ಬಿಸಲಾರದು. ಆಳದ ಬೋರ್‌ನಲ್ಲಿ ಕೇಬಲ್ ಉದ್ದಕ್ಕೂ ವೋಲ್ಟೇಜ್ ಬಿದ್ದು ಮೋಟರ್ ಗುನುಗುತ್ತಾ ನಿಂತು ಸುಡುತ್ತದೆ. ಮೋಟರ್‌ನ ವೇಗ ಹೊಂದಿಸುವ ವಿಎಫ್‌ಡಿ ಹಾಕಿ 10-20 ಸೆಕೆಂಡಿನಲ್ಲಿ ನಿಧಾನವಾಗಿ ಏರಿಸಿದರೆ ಓಡುವ ಕರೆಂಟಿಗಿಂತ ಹೆಚ್ಚು ಕೇಳುವುದಿಲ್ಲ. ಸುಮಾರು 5 ಕಿಲೋವ್ಯಾಟ್ ಪ್ಯಾನೆಲ್ ಇದ್ದರೆ ಬ್ಯಾಟರಿಯಿಲ್ಲದೆ ನೇರ ಬಿಸಿಲಲ್ಲೇ ನೀರೆತ್ತಬಹುದು, ಅಡಿಕೆ ತೋಟಕ್ಕೆ ಇದೇ ಒಳ್ಳೆಯ ದಾರಿ.

ಜನರೇಟರ್‌ಗೆ ಬದಲಿಸಿದ ಮೇಲೆ ನೀರು ಅರ್ಧ ಬಂದರೆ ಫೇಸ್ ಅದಲುಬದಲಾಗಿ ಪಂಪ್ ಉಲ್ಟಾ ತಿರುಗುತ್ತಿದೆ. ಕೂಡಲೇ ನಿಲ್ಲಿಸಿ, ಜನರೇಟರ್ ಕಡೆಯ ಯಾವುದಾದರೂ ಎರಡು ಫೇಸ್ ಅದಲುಬದಲು ಮಾಡಿಸಿ.

## ಹಂತ 9: ಕರೆಂಟ್ ಬಂದಾಗ ಕೂಡಲೇ ಬದಲಿಸಬೇಡಿ

ಸಬ್‌ಸ್ಟೇಷನ್‌ನಲ್ಲಿ ಫೀಡರ್ ಮತ್ತೆ ಚಾರ್ಜ್ ಮಾಡಿದಾಗ ದೋಷ ಉಳಿದಿದ್ದರೆ ಅದು ಒಂದೆರಡು ಬಾರಿ ಬಂದು ಹೋಗುತ್ತದೆ. ಅದರ ಮೇಲೆ, ಬೀದಿಯ ಎಲ್ಲ ಫ್ರಿಜ್, ಐಪಿ (ನೀರಾವರಿ ಪಂಪ್‌ಸೆಟ್) ಫೀಡರ್‌ನ ಎಲ್ಲ ಆಟೋ ಸ್ಟಾರ್ಟರ್ ಪಂಪ್ ಒಟ್ಟಿಗೇ ಏಳಲು ಹೋಗಿ ವೋಲ್ಟೇಜ್ ಪಾತಾಳಕ್ಕೆ ಬೀಳುತ್ತದೆ, ಟಿಸಿ ಫ್ಯೂಸ್ ಹಾರುತ್ತದೆ. ಒಂದೇ ಟಿಸಿಯ ರೈತರು ಮಾತಾಡಿಕೊಂಡು ಆಟೋ ಸ್ಟಾರ್ಟರ್‌ನ ಟೈಮರನ್ನು ಒಬ್ಬರಿಗೆ 1 ನಿಮಿಷ, ಇನ್ನೊಬ್ಬರಿಗೆ 3, ಮತ್ತೊಬ್ಬರಿಗೆ 5 ಎಂದು ಹಂಚಿಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ.

15 ನಿಮಿಷ ಕಾಯಿರಿ. ಮೇನ್ ಸ್ವಿಚ್‌ನ ಒಳಬರುವ ಕಡೆ ಮೂರೂ ಫೇಸ್ ಅಳೆಯಿರಿ, 210ರಿಂದ 250ರ ಒಳಗೆ ನಿಂತಿರಬೇಕು. ಆಮೇಲೆ: ದೊಡ್ಡ ಲೋಡ್ ಇಳಿಸಿ, ಜನರೇಟರ್ ಓಡುತ್ತಿದ್ದರೆ ಅದರ ಬ್ರೇಕರ್ ತೆಗೆದು ಮೂರು ನಿಮಿಷ ಖಾಲಿ ಓಡಿಸಿ ನಿಲ್ಲಿಸಿ, ಚೇಂಜ್‌ಓವರನ್ನು ಆಫ್‌ನಲ್ಲಿ ಒಂದೆರಡು ಸೆಕೆಂಡ್ ಬಿಟ್ಟು ಗ್ರಿಡ್ ಕಡೆಗೆ ಹಾಕಿ, ಬೀಗ ತೆಗೆದು ಮೇನ್ ಏರಿಸಿ. ಸೋಲಾರ್ ತಾನಾಗಿ ಸೇರಲು ಬಿಡಿ. ಪಂಪ್, ಗೀಸರ್ ಕೊನೆಗೆ.

ಇದನ್ನೆಲ್ಲ ಮೊದಲ ಸಲ ಕತ್ತಲಲ್ಲಿ, ಮಳೆಯಲ್ಲಿ ಮಾಡಬೇಡಿ. ನಿರ್ವಹಣಾ ಕಾಮಗಾರಿಗಾಗಿ ಬೆಳಿಗ್ಗೆ 10ರಿಂದ ವಿದ್ಯುತ್ ವ್ಯತ್ಯಯ ಎಂದು ಪತ್ರಿಕೆಯಲ್ಲಿ ಪ್ರಕಟಣೆ ಬಂದ ದಿನವೇ ಅಭ್ಯಾಸಕ್ಕೆ ತಕ್ಕ ದಿನ. ಸ್ವಿಚ್‌ಗಳಿಗೆ 1, 2, 3 ಎಂದು ನಂಬರ್ ಬರೆದು ಅಂಟಿಸಿ, ಮನೆಯ ಇನ್ನೊಬ್ಬರ ಕೈಯಲ್ಲಿ ಒಮ್ಮೆ ಪೂರ್ತಿ ಮಾಡಿಸಿ. ಅವರು ಎಲ್ಲಿ ಅನುಮಾನಿಸಿ ನಿಂತರೋ ಆ ಸ್ವಿಚ್‌ನ ಚೀಟಿಯನ್ನು ಇನ್ನಷ್ಟು ಬಿಡಿಸಿ ಬರೆಯಿರಿ.